‘ಹೊರಹಾಕಿದರು’ ಎಂಬ ಒಂದು ಪದ: ಕಾನೂನು ಸಹಾಯಕಿಯೊಬ್ಬಳ ಮೊದಲ ಫೈಲು

ಈ ಪ್ರಕರಣ ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ್ದು. ಊರಿನ ಹೆಸರಾಗಲಿ ಜನರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಎಕರೆ, ಬೆಳೆ, ಕೆಲವು ಇಸವಿಗಳನ್ನು ಲೆಕ್ಕ ಕೆಡದಂತೆ ಬದಲಿಸಿದ್ದೇನೆ. ಬರೆಯುವ ಮೊದಲು ಕಕ್ಷಿದಾರಳನ್ನು ಕೇಳಿದೆ. ಆಕೆ ಒಪ್ಪಿ, ಒಂದೇ ಷರತ್ತು ಹಾಕಿದಳು: "ನನ್ನ ಅಣ್ಣ ತಮ್ಮಂದಿರನ್ನು ಕಳ್ಳರೆಂದು ಬರೆಯಬೇಡಿ, ಸಾಹೇಬರೇ." ಬರೆಯುವ ಕಾರಣವೂ ಇಲ್ಲ. ಈ ಕಥೆಯಲ್ಲಿ ಹೆಚ್ಚು ತಪ್ಪು ಮಾಡಿದವರು ನಾನು ಮತ್ತು ನನ್ನ ಸಹಾಯಕಿ.

ವಕೀಲರ ಕಚೇರಿಗಳಲ್ಲಿ ಸಹಾಯಕರಾಗಿಯೋ ಅರೆ ಕಾನೂನು ಸ್ವಯಂಸೇವಕರಾಗಿಯೋ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಕೈಗೆ ಕಾಯ್ದೆ ಪುಸ್ತಕ ಕೊಡುವವರು ಇದ್ದಾರೆ. ಒಂದು ಫೈಲನ್ನು ಹೇಗೆ ಓದಬೇಕು, ಹುಡುಕಿದ್ದನ್ನು ಹೇಗೆ ಅಳೆಯಬೇಕು, ಹೇಗೆ ಬರೆಯಬೇಕು ಎಂದು ಕುಳಿತು ಹೇಳುವವರು ಕಡಿಮೆ.

ಹಿನ್ನೆಲೆ

ನನ್ನ ಕಚೇರಿ ಎಂದರೆ ಕೋರ್ಟಿನ ಎದುರಿನ ಓಣಿಯಲ್ಲಿ ಎರಡು ಖೋಲಿ. ಒಂದರಲ್ಲಿ ಫೈಲುಗಳು, ಇನ್ನೊಂದರಲ್ಲಿ ಜನ. 2022ರ ಬೇಸಿಗೆಯಲ್ಲಿ ಸಹಾಯಕಿಯಾಗಿ ಒಬ್ಬ ಹುಡುಗಿ ಸೇರಿದಳು. ಬಿ.ಎ. ಮುಗಿಸಿ ಎರಡು ವರ್ಷ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದವಳು, ನಂತರ ಅರೆ ಕಾನೂನು ಸ್ವಯಂಸೇವಕರ ತರಬೇತಿ ಪಡೆದಿದ್ದಳು. ಅಕ್ಷರ ದುಂಡು, ಟೈಪಿಂಗ್ ಚುರುಕು. ಓದುವ ಹಸಿವು ಎಷ್ಟಿತ್ತೆಂದರೆ ಮಧ್ಯಾಹ್ನ ರೊಟ್ಟಿ ತಿನ್ನುವಾಗಲೂ ಒಂದು ಕೈಯಲ್ಲಿ ತೀರ್ಪಿನ ಹಾಳೆ ಇರುತ್ತಿತ್ತು. ಮೊದಲ ದಿನವೇ ಒಂದು ಗೆರೆ ಎಳೆದು ಹೇಳಿದ್ದೆ: ಹುಡುಕಬಹುದು, ಟಿಪ್ಪಣಿ ಬರೆಯಬಹುದು, ಕರಡು ಮಾಡಬಹುದು, ಕಕ್ಷಿದಾರರ ಮಾತು ಕೇಳಿ ದಾಖಲಿಸಬಹುದು. "ನಿಮಗೆ ಪಾಲು ಸಿಗುತ್ತದೆ" ಎಂದೋ "ಸಿಗುವುದಿಲ್ಲ" ಎಂದೋ ಹೇಳುವ ಹಾಗಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ವಕಾಲತ್ತು ಸನ್ನದು ಇರುವವರ ಕೆಲಸ. ನಮ್ಮ ದೇಶದಲ್ಲಿ ಕಾನೂನು ಸಹಾಯಕರಿಗೆ ಬೇರೆ ಸನ್ನದು ಇಲ್ಲ.

ಜೂನ್ ತಿಂಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ಹೆಣ್ಣುಮಗಳು ಬಂದಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಐವತ್ತರ ಆಸುಪಾಸಿನ ಆಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ಮೇಜಿನ ಮೇಲಿಟ್ಟು ಹೇಳಿದ್ದಿಷ್ಟು: ತವರಿನಲ್ಲಿ ಹನ್ನೆರಡು ಎಕರೆ ಹೊಲ. ಒಬ್ಬ ಅಣ್ಣ, ಒಬ್ಬ ತಮ್ಮ. ತನ್ನ ಮದುವೆ ಆದದ್ದು 1991ರಲ್ಲಿ. ತಾಯಿ ತೀರಿಕೊಂಡದ್ದು 1996ರಲ್ಲಿ, ತಂದೆ 1999ರಲ್ಲಿ. ತಂದೆ ಉಯಿಲು ಬರೆದಿಲ್ಲ. ಈಗ ಪಾಲು ಕೇಳಿದರೆ, ಅಪ್ಪ ಬದುಕಿದ್ದಾಗಲೇ 1998ರಲ್ಲಿ ಹಿರಿಯರ ಮುಂದೆ ವಾಟ್ನಿ (ಆಸ್ತಿಯ ವಿಭಾಗ) ಆಗಿದೆ, ಅಲ್ಲದೆ ಅಪ್ಪ 2005ಕ್ಕೆ ಮೊದಲೇ ಸತ್ತದ್ದರಿಂದ ಮಗಳಿಗೆ ಏನೂ ಬರುವುದಿಲ್ಲ ಎಂದು ಅಣ್ಣತಮ್ಮಂದಿರು ಹೇಳುತ್ತಾರೆ. (2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟರು.)

ಅಂದು ನನಗೆ ಬೇರೊಂದು ಪ್ರಕರಣದಲ್ಲಿ ಪಾಟೀ ಸವಾಲು ಇತ್ತು. ಕೋಟು ಹಾಕಿಕೊಳ್ಳುತ್ತಲೇ ಸಹಾಯಕಿಗೆ ಒಂದು ಚೀಟಿ ಬರೆದುಕೊಟ್ಟು ಹೊರಟೆ: "ತಂದೆ 2005ಕ್ಕಿಂತ ಮೊದಲು ತೀರಿಕೊಂಡಿದ್ದರೆ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಇದೆಯೇ? ಟಿಪ್ಪಣಿ ಮಾಡು." ಈ ಚೀಟಿ ಈಗಲೂ ಫೈಲಿನಲ್ಲಿದೆ. ಪ್ರಕರಣದ ಮೊದಲ ತಪ್ಪು ಅದೇ. ಯಾಕೆಂದು ಮುಂದೆ ಬರುತ್ತದೆ.

ಮೊದಲ ಟಿಪ್ಪಣಿ: ಇಲ್ಲ

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಹನ್ನೊಂದು ಪುಟಗಳ ಟಿಪ್ಪಣಿ ಇತ್ತು. ಮೊದಲ ಏಳು ಪುಟ ಹಿಂದೂ ಕಾನೂನಿನ ಇತಿಹಾಸ, ಮಿತಾಕ್ಷರ, ದಾಯಭಾಗ ಎಂಬ ಹಳೆಯ ಪಂಥಗಳು. ಹತ್ತನೇ ಪುಟದಲ್ಲಿ ಸುಪ್ರೀಂ ಕೋರ್ಟಿನ ಪ್ರಕಾಶ್ ವಿರುದ್ಧ ಫುಲವತಿ ತೀರ್ಪು. 2015ರ ಅಕ್ಟೋಬರ್ 16ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು, ನಮ್ಮ ಕರ್ನಾಟಕದಿಂದಲೇ ಹೋದ ಮೇಲ್ಮನವಿ. 2005ರ ತಿದ್ದುಪಡಿಯ ಲಾಭ ಬೇಕಾದರೆ ಆ ವರ್ಷದ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಬದುಕಿರಬೇಕು ಎಂದು ಅದರಲ್ಲಿದೆ. ಹನ್ನೊಂದನೇ ಪುಟದ ಕೊನೆಯ ಸಾಲು: "ಆದ್ದರಿಂದ ಸದರಿ ಕಕ್ಷಿದಾರಳಿಗೆ ಯಾವುದೇ ಪಾಲು ಇರುವುದಿಲ್ಲ."

ಉತ್ತರ ಸಿಗಲು ಹನ್ನೊಂದನೇ ಪುಟದವರೆಗೆ ಕಾಯಬೇಕಾಯಿತು, ಅದು ಒಂದು ದೋಷ. ಉತ್ತರವೇ ತಪ್ಪು, ಅದು ದೊಡ್ಡ ದೋಷ. ಆದರೆ ನಾನು ಬೈಯಲಿಲ್ಲ. ಅವಳು ಮೊಬೈಲ್‌ನಲ್ಲಿ ಹುಡುಕಿದ್ದಳು, ಆ ತೀರ್ಪಿನ ಸುದ್ದಿ ಕಣ್ಣಿಗೆ ಬಿದ್ದಿತ್ತು, ತೀರ್ಪನ್ನು ಇಡಿಯಾಗಿ ಓದಿದ್ದಳು ಕೂಡ. ಎಷ್ಟೋ ಜನ ಸುದ್ದಿಯ ತಲೆಬರಹ ಓದಿ ಟಿಪ್ಪಣಿ ಬರೆಯುತ್ತಾರೆ. ನಾನು ಒಂದೇ ಪ್ರಶ್ನೆ ಕೇಳಿದೆ: "ಈ ತೀರ್ಪು ಇನ್ನೂ ಜೀವ ಹಿಡಿದಿದೆಯೇ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮುಗಿಯಿತಲ್ಲ ಎಂಬ ಭಾವ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ, ನಿಜ. ಆದರೆ ಅದೇ ಕೋರ್ಟಿನ ಹೆಚ್ಚು ನ್ಯಾಯಮೂರ್ತಿಗಳ ಪೀಠ ಹಿಂದಿನದನ್ನು ರದ್ದುಪಡಿಸಬಹುದು. ಗಿರಣಿಯಲ್ಲಿ ನಿನ್ನೆಯ ದರಕ್ಕೆ ಇಂದು ಅಕ್ಕಿ ಕೊಡುತ್ತಿದ್ದೆಯಾ ಎಂದು ಕೇಳಿದಾಗ ನಕ್ಕಳು. ನಕ್ಕದ್ದು ಒಳ್ಳೆಯ ಲಕ್ಷಣ.

ಹುಡುಕುವ ದಾರಿ ತೋರಿಸಿದೆ. ಒಂದು ತೀರ್ಪು ಸಿಕ್ಕರೆ ಅದರ ಹೆಸರನ್ನೇ ಹುಡುಕುಪದವಾಗಿ ಹಾಕಿ, ಅದನ್ನು ಉಲ್ಲೇಖಿಸಿದ ನಂತರದ ತೀರ್ಪುಗಳನ್ನು ಇತ್ತೀಚಿನದರಿಂದ ಹಿಂದಕ್ಕೆ ಓದಬೇಕು. ಪ್ರತಿಯೊಂದಕ್ಕೂ ದಿನಾಂಕ, ನ್ಯಾಯಮೂರ್ತಿಗಳ ಸಂಖ್ಯೆ, ಹಿಂದಿನದನ್ನು ಅನುಸರಿಸಿದೆಯೇ, ಈ ಪ್ರಕರಣಕ್ಕೆ ಅನ್ವಯಿಸದೆಂದು ಬೇರ್ಪಡಿಸಿದೆಯೇ, ರದ್ದುಮಾಡಿದೆಯೇ ಎಂದು ಬರೆದಿಡಬೇಕು. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳನ್ನು ಉಚಿತವಾಗಿ ಕೊಡುವ ಇ-ಎಸ್‌ಸಿಆರ್ ಜಾಲತಾಣ ಶುರುವಾದದ್ದು 2023ರ ಜನವರಿಯಲ್ಲಿ. ಅವಳು ಕೆಲಸ ಕಲಿತ ದಿನಗಳಲ್ಲಿ ಅದಿರಲಿಲ್ಲ. ಈಗ ಕಲಿಯುವವರು ಪುಣ್ಯವಂತರು.

ಎರಡನೇ ಟಿಪ್ಪಣಿ: ಎಲ್ಲವೂ ಇದೆ

ಎರಡು ದಿನ ಬಿಟ್ಟು ಬಂದವಳ ಮುಖವೇ ಬೇರೆ. 2018ರ ಫೆಬ್ರವರಿ 1ರ ದಾನಮ್ಮ ವಿರುದ್ಧ ಅಮರ್ ತೀರ್ಪು ಸಿಕ್ಕಿತ್ತು. ಅದೂ ಇಬ್ಬರ ಪೀಠ, ಅದೂ ಕರ್ನಾಟಕದ್ದೇ, ಅಲ್ಲಿ ತಂದೆ ತೀರಿಕೊಂಡದ್ದು 2001ರಲ್ಲಿ, ಆದರೂ ಹೆಣ್ಣುಮಕ್ಕಳಿಗೆ ಪಾಲು. ಇಬ್ಬರ ಎರಡು ಪೀಠಗಳು ಎರಡು ದಿಕ್ಕಿಗೆ ಮುಖ ಮಾಡಿದ್ದರಿಂದ ವಿಷಯ ಮೂವರ ಪೀಠಕ್ಕೆ ಹೋಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ತೀರ್ಪು ಬಂದು 2015ರದ್ದನ್ನು ರದ್ದುಮಾಡಿತು. ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ.

ಈ ಬಾರಿ ಟಿಪ್ಪಣಿ ಹದಿನಾಲ್ಕು ಪುಟ! ಕೊನೆಯ ಸಾಲು: "ಕಕ್ಷಿದಾರಳ ಗೆಲುವು ನಿಶ್ಚಿತ."

ಗೆಲುವು ನಿಶ್ಚಿತ ಎಂಬ ಮಾತನ್ನು ನಾನು ಮೂವತ್ತು ವರ್ಷಗಳಲ್ಲಿ ಯಾವ ಕಾಗದದ ಮೇಲೂ ಬರೆದಿಲ್ಲ. "ಒಂದು ಕೆಲಸ ಮಾಡು, ಈಗ ನೀನು ಅಣ್ಣತಮ್ಮಂದಿರ ವಕೀಲೆ. ಇದೇ ತೀರ್ಪಿನಿಂದ ನಿನ್ನ ಕಕ್ಷಿದಾರರನ್ನು ಉಳಿಸು" ಎಂದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅರ್ಧ ಗಂಟೆ ಸದ್ದಿಲ್ಲ. ನಂತರ ಒಳಗಿನ ಖೋಲಿಯಿಂದ ಸಣ್ಣ ದನಿ: "ಸರ್, ವಾಟ್ನಿ ಇದೆಯಲ್ಲ!"

ನೂರು ಪುಟ ಮೀರಿದ ಆ ತೀರ್ಪಿನ ಕೊನೆಯಲ್ಲಿ ಐದು ಅಂಶಗಳ ಸಾರವಿದೆ. ಐದನೆಯದನ್ನು ಅವಳು ಮೊದಲು ಓದಿದ್ದಳು, ಗೆದ್ದ ಖುಷಿಯಲ್ಲಿ ದಾಟಿ ಹೋಗಿದ್ದಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನ 5ನೇ ಉಪಕಲಂ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗಗಳನ್ನು ರಕ್ಷಿಸುತ್ತದೆ. ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಆದರೆ ವಿಭಾಗ ಎಂದರೆ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದದ್ದು. ಬಾಯಿಮಾತಿನ ವಿಭಾಗವನ್ನು ಸಾಮಾನ್ಯವಾಗಿ ಒಪ್ಪುವಂತಿಲ್ಲ. ಅಪರೂಪದ ಸಂದರ್ಭದಲ್ಲಿ, ಸಾರ್ವಜನಿಕ ದಾಖಲೆಗಳು ಅದನ್ನು ಬೆಂಬಲಿಸಿದರೆ, ಡಿಕ್ರಿಯಷ್ಟೇ ಖಚಿತವಾಗಿ ಅದು ಕಂಡುಬಂದರೆ, ಒಪ್ಪಬಹುದು. ಆ "ಅಪರೂಪ"ದ ಕಿಂಡಿಯಲ್ಲಿ ಎದುರು ಪಕ್ಷದ ವಕೀಲ ತಲೆ ತೂರಿಸುತ್ತಾನೆ. ಕಂದಾಯ ದಾಖಲೆಯಲ್ಲಿ 1998ರ ವಾಟ್ನಿ ಎಂದು ಬರೆದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ. ದಾಖಲೆ ನೋಡಿಲ್ಲ ಸರ್ ಎಂದಳು.

ನೋಡಿರಲಿಲ್ಲ! ಇಪ್ಪತ್ತೈದು ಪುಟ ಕಾನೂನು ಬರೆದಾಗಿತ್ತು. ಕಕ್ಷಿದಾರಳ ಪ್ಲಾಸ್ಟಿಕ್ ಚೀಲ ಕಟ್ಟಿದ ದಾರದ ಗಂಟು ಹಾಗೇ ಇತ್ತು.

ಚೀಟಿಯ ತಪ್ಪು

ಆ ಸಂಜೆ ನಾನು ನನ್ನ ಚೀಟಿಯನ್ನು ಮತ್ತೆ ಓದಿದೆ. "ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಇದೆಯೇ?" ಹನ್ನೆರಡು ಎಕರೆಯೂ ಪಿತ್ರಾರ್ಜಿತ ಎಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಪ್ರಶ್ನೆಯಲ್ಲೇ ಉತ್ತರದ ಅರ್ಧವನ್ನು ನಾನು ತುಂಬಿಬಿಟ್ಟಿದ್ದೆ. ಅವಳು ನಂಬಿಕೆಯಿಂದ ಪಿತ್ರಾರ್ಜಿತ ಆಸ್ತಿಯ 6ನೇ ಕಲಮಿನ ಬಾವಿಯೊಳಗೆ ಇಳಿದಳು, ಪಕ್ಕದಲ್ಲೇ ಇದ್ದ, ತಂದೆಯ ಸ್ವಂತ ಆಸ್ತಿಯ 8ನೇ ಕಲಂ ಕಾಣಲಿಲ್ಲ. ಹಿರಿಯರು ಕೊಟ್ಟ ಪ್ರಶ್ನೆಯನ್ನು ತಿರುಗಿಸಿ ಕೇಳುವ ಧೈರ್ಯ ಮೂರನೇ ವಾರಕ್ಕೆ ಯಾರಿಗೂ ಬರುವುದಿಲ್ಲ. ಈಗ ನನ್ನ ಕಚೇರಿಯಲ್ಲಿ ಸಹಾಯಕರು ಹುಡುಕಲು ಶುರುಮಾಡುವ ಮೊದಲು ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಬರೆದು ನನಗೆ ತೋರಿಸಬೇಕು. ನನ್ನ ಚೀಟಿಯ ಮೇಲೆ ಕೆಂಪು ಶಾಯಿ ಹಾಕುವ ಅಧಿಕಾರವೂ ಅವರಿಗೆ ಇದೆ.

ಚೀಲ ಬಿಚ್ಚಿದೆವು. ಪಹಣಿಗಳು ಎರಡು ಸರ್ವೆ ನಂಬರಿನವು. ಒಂಬತ್ತು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಒಂದು, ಮೂರು ಎಕರೆ ಮಸಾರಿ (ಕೆಂಪು ಮಣ್ಣಿನದು) ಇನ್ನೊಂದು. ಕಲಿಯುವವರು ಪಹಣಿ ಎಂದರೆ 9ನೇ ಕಾಲಂ ನೋಡುತ್ತಾರೆ, ಅಲ್ಲಿ ಹೆಸರಿರುತ್ತದೆ. ಕಥೆ ಇರುವುದು 10ನೇ ಕಾಲಮಿನಲ್ಲಿ: ಆ ಹೆಸರು ಅಲ್ಲಿಗೆ ಹೇಗೆ ಬಂತು, ಕ್ರಯದಿಂದಲೋ ಪೌತಿಯಿಂದಲೋ (ಖಾತೆದಾರ ಸತ್ತ ಮೇಲೆ ವಾರಸುದಾರರಿಗೆ) ವಿಭಾಗದಿಂದಲೋ, ಮ್ಯುಟೇಶನ್ (ಖಾತೆ ಬದಲಾವಣೆ) ಸಂಖ್ಯೆ ಏನು. ಮಸಾರಿ ಹೊಲದ ಹಳೆಯ ಪಹಣಿಯಲ್ಲಿ ತಂದೆಯ ಹೆಸರಿನ ಎದುರು "ಕ್ರಯ" ಎಂದಿತ್ತು. ಉಪನೋಂದಣಿ ಕಚೇರಿಯಿಂದ ನಕಲು ತೆಗೆಸಿದಾಗ 1984ರ ನೋಂದಾಯಿತ ಖರೀದಿ ಪತ್ರ ಸಿಕ್ಕಿತು. ಅದು ತಂದೆಯ ಸ್ವಯಾರ್ಜಿತವಾದರೆ 8ನೇ ಕಲಮಿನಂತೆ ಮಗ ಮಗಳಿಗೆ ಸಮಪಾಲು. 1956ರಿಂದಲೇ ಇರುವ ಕಾನೂನು. 2005ರ ತಿದ್ದುಪಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ಆಗ ಗಿರಣಿಯ ಲೆಕ್ಕದವಳು ಎಚ್ಚರಗೊಂಡಳು. ಹಾಳೆಯ ಮೇಲೆ ಗೆರೆ ಹಾಕಿ ಮೂರು ಸಾಲು ಬರೆದಳು. ನಾನು ಹೇಳದೆಯೇ ಮಾಡಿದ ಮೊದಲ ವಿಶ್ಲೇಷಣೆ ಅದು. 2015ರ ತೀರ್ಪು ಇಂದಿಗೂ ಉಳಿದಿದ್ದರೂ ಏನಾಗುತ್ತಿತ್ತು? ಹಳೆಯ 6ನೇ ಕಲಮಿನಂತೆ ತಂದೆ ಸಾಯುವ ಮುಂಚಿನ ಕ್ಷಣದಲ್ಲಿ ವಿಭಾಗ ಆಯಿತೆಂದು ಭಾವಿಸಬೇಕು. ಎರೆಯ ಒಂಬತ್ತರಲ್ಲಿ ತಂದೆಗೆ ಮೂರು ಎಕರೆ, ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು. ತಂದೆಯ ಮೂರು ಎಕರೆ ಮೂವರು ಮಕ್ಕಳಿಗೆ, ಅಂದರೆ ಮಗಳಿಗೆ ಒಂದು. ಮಸಾರಿಯಲ್ಲಿ ಇನ್ನೊಂದು. ಒಟ್ಟು ಎರಡು ಎಕರೆ. 2020ರ ತೀರ್ಪಿನಂತೆ ಎರೆಯಲ್ಲಿ ಮೂರು, ಮಸಾರಿಯಲ್ಲಿ ಒಂದು, ಒಟ್ಟು ನಾಲ್ಕು. "ಹಾಗಾದರೆ ನಾನು ಮೊದಲು ಬರೆದ ‘ಯಾವುದೇ ಪಾಲು ಇಲ್ಲ’ ಎಂಬುದು ಯಾವ ಕಾನೂನಿನಲ್ಲೂ ಸರಿಯಲ್ಲ" ಎಂದಳು. ಸರಿಯಾಗಿ ಹಿಡಿದಿದ್ದಳು. ರದ್ದಾದ ತೀರ್ಪನ್ನು ನೆಚ್ಚಿದ್ದು ಹುಡುಕಾಟದ ತಪ್ಪು. ಆ ತೀರ್ಪಿನಿಂದಲೂ ಬಾರದ ನಿರ್ಣಯಕ್ಕೆ ಬಂದದ್ದು ವಿಶ್ಲೇಷಣೆಯ ತಪ್ಪು. ಎರಡನೆಯದನ್ನು ಯಾವ ಜಾಲತಾಣವೂ ತಿದ್ದಿಕೊಡುವುದಿಲ್ಲ.

ನಮ್ಮ ರಾಜ್ಯದ್ದೇ ಒಂದು ಕೊಕ್ಕೆಯೂ ಇತ್ತು. ಕರ್ನಾಟಕ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳನ್ನು ಸಹದಾಯಾದರನ್ನಾಗಿ, ಅಂದರೆ ಕೂಡು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಪಾಲುದಾರರನ್ನಾಗಿ, ಮಾಡಿತ್ತು. ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ನಮ್ಮ ಕಕ್ಷಿದಾರಳ ಮದುವೆ 1991ರಲ್ಲಿ. ಎದುರಿನವರು ಇದನ್ನು ಎತ್ತುತ್ತಾರೆ ಎಂದು ಟಿಪ್ಪಣಿಯಲ್ಲಿ ಸೇರಿಸಿದೆವು. ಕೇಂದ್ರದ 2005ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದ ಮಾಡುವುದಿಲ್ಲ ಎಂಬ ಉತ್ತರವನ್ನೂ ಸೇರಿಸಿದೆವು.

1361

ಎರೆ ಹೊಲದ ವಿಷಯದಲ್ಲಿ ನನಗೆ ಹೆಮ್ಮೆ ತಂದ ಘಟನೆಯೊಂದು ನಡೆಯಿತು. ಒಂಬತ್ತು ಎಕರೆ ಪಿತ್ರಾರ್ಜಿತವೇ ಎಂಬುದು ಅಜ್ಜನಿಂದ ತಂದೆಗೆ ಅದು ಯಾವಾಗ ಬಂತು ಎಂಬುದರ ಮೇಲೆ ನಿಂತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾದದ್ದು 1956ರ ಜೂನ್ 17ರಂದು. ಅದರ ನಂತರ 8ನೇ ಕಲಮಿನಂತೆ ಅಜ್ಜನಿಂದ ಬಂದಿದ್ದರೆ ಅದು ತಂದೆಯ ಪ್ರತ್ಯೇಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ಮೊದಲೇ ಬಂದಿದ್ದರೆ ಕೂಡು ಕುಟುಂಬದ್ದು.

ಕಕ್ಷಿದಾರಳ ಚೀಲದಲ್ಲಿ ಅಂಚು ಹರಿದ ಹಳೆಯ ನಕಲೊಂದಿತ್ತು, ಬಹುಪಾಲು ಉರ್ದು. ಈ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತಲ್ಲ, ಹಳೆಯ ಕಂದಾಯ ಕಾಗದಗಳು ಹಾಗೆಯೇ ಇರುತ್ತವೆ. ಮಧ್ಯದಲ್ಲಿ ಯಾರೋ ಪೆನ್ಸಿಲಿನಿಂದ ನಮ್ಮ ಅಂಕಿಯಲ್ಲಿ 1361 ಎಂದು ಬರೆದಿದ್ದರು. ಸಹಾಯಕಿ ಅದನ್ನು 1961ರ ಕೈತಪ್ಪು ಎಂದು ಓದಿ ಸಂಭ್ರಮಿಸಿದಳು. 1961 ಆಗಿದ್ದರೆ ಹನ್ನೆರಡು ಎಕರೆಯೂ ತಂದೆಯ ಪ್ರತ್ಯೇಕ ಆಸ್ತಿ, 2005ರ ಗೊಡವೆಯೇ ಬೇಡ, ನೇರವಾಗಿ ಮೂರರಲ್ಲಿ ಒಂದು. ತಂದೆ ಬದುಕಿದ್ದಾಗ ಗಂಡುಮಕ್ಕಳಿಗೆ ವಾಟ್ನಿ ಕೇಳುವ ಹಕ್ಕೇ ಇರಲಿಲ್ಲ ಎನ್ನಬಹುದಿತ್ತು. ದಾರಿ ಬಹಳ ಸುಲಭ.

ಸುಲಭದ ದಾರಿ ಕಂಡಾಗ ಕಾಗದವನ್ನು ಇನ್ನೊಮ್ಮೆ ನೋಡು ಎಂದಷ್ಟೇ ಹೇಳಿದ್ದೆ. ಅವಳು ನಿವೃತ್ತ ಉರ್ದು ಮಾಸ್ತರರೊಬ್ಬರ ಮನೆಗೆ ಹೋಗಿ ಕುಳಿತಳು. ಅವರು ಕನ್ನಡಕ ಏರಿಸಿ ಒಂದು ನಿಮಿಷದಲ್ಲಿ ಹೇಳಿದರಂತೆ: "ಇದು ಫಸಲಿ ಸಾಲು, ಮಗಳೇ. ಐನೂರ ತೊಂಬತ್ತು ಕೂಡಿಸು." ಫಸಲಿ ಎಂದರೆ ಹಳೆಯ ಕಂದಾಯ ವರ್ಷದ ಎಣಿಕೆ. 1361ಕ್ಕೆ 590 ಕೂಡಿದರೆ 1951. ಅಜ್ಜನ ನಂತರ ತಂದೆಯ ಹೆಸರು ಹತ್ತಿದ್ದು 1951ರ ಸುಮಾರಿಗೆ, ಕಾಯ್ದೆಗಿಂತ ಐದು ವರ್ಷ ಮೊದಲು. ಹೊಲ ಪಿತ್ರಾರ್ಜಿತವೇ. ಕಷ್ಟದ ದಾರಿಯೇ ನಮ್ಮದಾಯಿತು.

ಅವಳು ಬಂದು ಅದನ್ನು ಮುಚ್ಚಿಡದೆ ಹೇಳಿದಳು. "ಸುಲಭದ್ದು ಹೋಯಿತು ಸರ್" ಎಂದಳು. ಆ ದಿನದಿಂದ ಅವಳ ಟಿಪ್ಪಣಿಗಳನ್ನು ನಾನು ಎರಡನೇ ಬಾರಿ ಪರಿಶೀಲಿಸುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಆದರೆ ಪರಿಶೀಲಿಸುವಾಗ ಎದೆ ಹೊಡೆದುಕೊಳ್ಳುವುದು ನಿಂತಿತು.

ಮ್ಯುಟೇಶನ್ ನಕಲುಗಳು ನಮ್ಮ ಪರವಾಗಿ ಮಾತನಾಡಿದವು. 2000ದಲ್ಲಿ ಇಬ್ಬರು ಗಂಡುಮಕ್ಕಳ ಹೆಸರು ಜಂಟಿಯಾಗಿ ಏರಿದ್ದು "ಪೌತಿ" ಎಂದು. 1998ರಲ್ಲೇ ವಾಟ್ನಿ ಆಗಿದ್ದರೆ 2000ದಲ್ಲಿ ತಂದೆಯ ಹೆಸರಿನಿಂದ ಪೌತಿ ಯಾಕೆ, ಅದೂ ಜಂಟಿಯಾಗಿ? ಪೌತಿಗೆ ಕೊಟ್ಟ ವಂಶಾವಳಿಯಲ್ಲಿ ಮಗಳ ಹೆಸರೇ ಇರಲಿಲ್ಲ. ಅಣ್ಣತಮ್ಮಂದಿರು ಬೇರೆ ಬೇರೆ ಖಾತೆ ಮಾಡಿಕೊಂಡದ್ದು 2006ರಲ್ಲಿ, ವರದಿ ಕೊಟ್ಟು, ನೋಂದಣಿ ಇಲ್ಲದೆ. 2004ರ ಡಿಸೆಂಬರ್ 20 ದಾಟಿ ಹೋಗಿತ್ತು. ಖಾತೆ ಬದಲಾವಣೆ ಒಡೆತನ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ, ಕಂದಾಯ ವಸೂಲಿಗೆ ಮಾತ್ರ ಎಂಬುದು ಹಳೆಯ ಮಾತು. ಆದರೂ ಎದುರಿನವರ ಕಥೆಯನ್ನು ಅವರದೇ ಅರ್ಜಿ ಸುಳ್ಳು ಮಾಡುವುದು ಸಣ್ಣ ವಿಷಯವಲ್ಲ.

ಬರವಣಿಗೆ

ಮೂರನೇ ಟಿಪ್ಪಣಿ ಎರಡೂವರೆ ಪುಟ. ಮೊದಲ ಸಾಲಲ್ಲಿ ಪ್ರಶ್ನೆಗಳು, ಕೆಳಗೆ ನಾಲ್ಕು ಸಾಲಿನ ನೇರ ಉತ್ತರ. ಆಮೇಲೆ ತಾರೀಖುಗಳ ಪಟ್ಟಿ, ಪ್ರತಿಯೊಂದರ ಎದುರು ಯಾವ ದಾಖಲೆಯ ಯಾವ ಪುಟ ಎಂದು. ಕಾಯ್ದೆಯ ಮಾತುಗಳು ಅನುವಾದದ ಸಾರವಾಗಿ ಬರದೆ ಇದ್ದ ಹಾಗೆಯೇ ಬಂದಿದ್ದವು. ಅವಳು ಮೊದಲು ಬಳಸಿದ್ದ ಕೈಪಿಡಿಯಲ್ಲಿ 6ನೇ ಕಲಮಿನ ಪರಂತುಕವೇ (ವಿನಾಯಿತಿ ಹೇಳುವ ಭಾಗ) ಬಿಟ್ಟುಹೋಗಿತ್ತು. ಎದುರು ಪಕ್ಷದ ಅತಿ ಬಲವಾದ ವಾದಕ್ಕೆ ಒಂದು ಪೂರ್ತಿ ಪ್ಯಾರಾ. ಮಿತಾಕ್ಷರವೂ ಇಲ್ಲ, ದಾಯಭಾಗವೂ ಇಲ್ಲ.

ವಾದಪತ್ರದ ಕರಡು ಬೇರೆಯದೇ ಪಾಠ. ನೋಟಿಸಿಗೆ ಅಣ್ಣತಮ್ಮಂದಿರು ಅದೇ 1998ರ ವಾಟ್ನಿಯ ಉತ್ತರ ಕಳಿಸಿದ ಮೇಲೆ ದಾವೆ ಹೂಡುವುದು ಅನಿವಾರ್ಯವಾಯಿತು. ಸಹಾಯಕಿಯ ಕರಡಿನ ಆರನೇ ಪ್ಯಾರಾದಲ್ಲಿ ಹೀಗಿತ್ತು: "ತಂದೆಯ ಮರಣಾನಂತರ ಪ್ರತಿವಾದಿಯರು ದುರಾಸೆಯಿಂದ 2000ದಲ್ಲಿಯೇ ವಾದಿಯನ್ನು ಸದರಿ ಜಮೀನುಗಳಿಂದ ಹೊರಹಾಕಿದರು."

ಓದಲು ಬಿರುಸಾಗಿದೆ. ನ್ಯಾಯಾಧೀಶರ ಕಣ್ಣು ತೇವವಾಗಲಿ ಎಂದು ಬರೆದದ್ದು. ಆದರೆ ಆ ಒಂದು ಸಾಲು ದಾವೆಯನ್ನು ಕೊಲ್ಲಬಲ್ಲದು. ಕೂಡು ಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರು ಪಾಲು ಕೇಳಲು ಕಾಲಮಿತಿ ಕಾಯ್ದೆಯ 110ನೇ ಅನುಚ್ಛೇದ ಕೊಡುವುದು ಹನ್ನೆರಡು ವರ್ಷ, ಹೊರಗಿಟ್ಟದ್ದು ಗೊತ್ತಾದ ದಿನದಿಂದ. 2000ಕ್ಕೆ ಹನ್ನೆರಡು ಕೂಡಿದರೆ 2012. ನಾವು ಇದ್ದದ್ದು 2022ರಲ್ಲಿ. ಸಾಲದ್ದಕ್ಕೆ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35ನೇ ಕಲಂ: ಜಂಟಿ ಸ್ವಾಧೀನದಲ್ಲಿ ಇರುವವರಿಗೆ ನಿಗದಿತ ಶುಲ್ಕ, ಹೊರಗಿಡಲ್ಪಟ್ಟವರಿಗೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. ಶುಲ್ಕವನ್ನು ಕಾನೂನು ಸೇವಾ ಸಮಿತಿ ಭರಿಸುತ್ತದಲ್ಲ ಸರ್ ಎಂದಳು. ಶುಲ್ಕ ಯಾರೇ ಭರಿಸಲಿ, ಕಾಲಮಿತಿಯನ್ನು ಯಾರೂ ಭರಿಸುವುದಿಲ್ಲ.

"ಹೊರಹಾಕಿದರು ಎಂದು ಆಕೆ ಹೇಳಿದರೇ?" ಎಂದು ಕೇಳಿದೆ. ತನ್ನ ಟಿಪ್ಪಣಿ ಪುಸ್ತಕ ತಿರುವಿದಳು. ಆಕೆ ಹಾಗೆ ಹೇಳಿಯೇ ಇರಲಿಲ್ಲ. "ಹೊಲ ಅವರೇ ಮಾಡುತ್ತಾರೆ" ಎಂದಿದ್ದಳು. ಅದನ್ನು "ಹೊರಹಾಕಿದರು" ಮಾಡಿದ್ದು ಸಹಾಯಕಿಯ ಭಾಷೆ. ಕಕ್ಷಿದಾರಳನ್ನು ಮತ್ತೆ ಕರೆಸಿ, ಈ ಬಾರಿ ಪ್ರಶ್ನೆ ಕೇಳದೆ ಮಾತನಾಡಲು ಬಿಟ್ಟೆವು. ಚಹಾ ಕುಡಿಯುತ್ತಾ, ಕೇಳಿದವರಿಗೆ ಅಲ್ಲ ಗೋಡೆಗೆ ಎಂಬಂತೆ, ಆಕೆ ಹೇಳಿದಳು: "ಪ್ರತಿ ಸುಗ್ಗಿಗೂ ತಮ್ಮ ಎರಡು ಚೀಲ ಜೋಳ ತಂದು ಹಾಕುತ್ತಿದ್ದ, ತಂಗಿ. ‘ನಿನ್ನ ಪಾಲಿನ ಕಾಳು ಅಕ್ಕಾ’ ಅನ್ನುತ್ತಿದ್ದ. ಮಗನ ಮದುವೆಯಲ್ಲಿ ಮಾತು ಬಂದ ಮೇಲೆ ತರುವುದು ಬಿಟ್ಟ." ಮಗನ ಮದುವೆ 2017ರಲ್ಲಿ.

ಸಹಾಯಕಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಏನೂ ಹೇಳಲಿಲ್ಲ. ಎರಡು ಚೀಲ ಜೋಳದಲ್ಲಿ ಕಾಲಮಿತಿಯ ಉತ್ತರವೆಲ್ಲ ಇತ್ತು. ಹುಟ್ಟುವಳಿಯಲ್ಲಿ ಆಕೆಯ ಪಾಲನ್ನು 2017ರವರೆಗೆ ಒಪ್ಪಿಕೊಂಡೇ ಬಂದಿದ್ದರು. ಚೀಲ ಇಳಿಸಿದ ಟಂಟಂ ಚಾಲಕನೂ ನೆರೆಮನೆಯವರೂ ಸಾಕ್ಷಿ. ಆರನೇ ಪ್ಯಾರಾ ಹೊಸದಾಗಿ ಬಂತು: ಯಾವ ವಿಶೇಷಣವೂ ಇಲ್ಲ, ದುರಾಸೆಯೂ ಇಲ್ಲ, ಯಾರು, ಯಾವ ಸುಗ್ಗಿಗೆ, ಎಷ್ಟು ಚೀಲ, ಎಂದಿನವರೆಗೆ. ಅನುಕೂಲಕ್ಕಾಗಿ ಪದ ಬದಲಿಸಿದ್ದರೆ ಅದು ಅಪರಾಧ. ನಾವು ಬದಲಿಸಿದ್ದು ನಿಜವಲ್ಲದ ಪದವನ್ನು.

ಫಲಿತಾಂಶ

2022ರ ಕೊನೆಯಲ್ಲಿ ದಾವೆ ದಾಖಲಾಯಿತು. ಪ್ರತಿವಾದಿಯರು 1998ರ ನೋಂದಣಿಯಿಲ್ಲದ ಪಾಲುಪಟ್ಟಿ ಹಾಜರುಪಡಿಸಿದರು. ನಮ್ಮ ತಾರೀಖು ಪಟ್ಟಿಯನ್ನೂ 2000ದ ಪೌತಿ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟಾಗ ಅವರ ವಕೀಲರು, ಅನುಭವಿಗಳು, ಹೊರಗೆ ಬಂದು ರಾಜಿಯ ಮಾತೆತ್ತಿದರು. ಮಧ್ಯಸ್ಥಿಕೆಯಲ್ಲಿ ನಾಲ್ಕು ಬಾರಿ ಕುಳಿತು 2024ರಲ್ಲಿ ಮುಗಿಯಿತು. ಕಕ್ಷಿದಾರಳಿಗೆ ಎರಡು ಎಕರೆ ಎರೆ, ಒಂದು ಎಕರೆ ಮಸಾರಿ.

ಮೂರು ಎಕರೆ, ನಾಲ್ಕಲ್ಲ. ಸಹಾಯಕಿಗೆ ತಡೆಯಲಾಗಲಿಲ್ಲ. ಕಾನೂನು ಸಲಹೆ ಕೊಡಬಾರದೆಂಬ ಗೆರೆ ನೆನಪಿದ್ದರಿಂದ ಕಕ್ಷಿದಾರಳ ಮುಂದೆ ಬಾಯಿ ಮುಚ್ಚಿಕೊಂಡಿದ್ದಳು, ನನ್ನ ಮುಂದೆ ಬಿಚ್ಚಿದಳು. ಕಾನೂನಿನಂತೆ ನಾಲ್ಕು ಎಕರೆ ಕೇಳಬಹುದು ಎಂದು ನಾನು ಕಕ್ಷಿದಾರಳಿಗೆ ಎರಡು ಬಾರಿ ವಿವರಿಸಿ, ವಿವರಿಸಿದ್ದನ್ನು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಆಕೆ ಒಪ್ಪಲಿಲ್ಲ. ಅವ್ವ ಹಾಸಿಗೆ ಹಿಡಿದ ಎಂಟು ತಿಂಗಳು ಉಚ್ಚೆ ಬಳಿದವನು ತಮ್ಮ, ಆ ಒಂದು ಎಕರೆ ಅವನಿಗಿರಲಿ ಎಂದಳು.

ರಾಜಿ ಅರ್ಜಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಡಿ ಸಿದ್ಧಪಡಿಸಿದ್ದು ಸಹಾಯಕಿ. ಹಳೆಯ ಮಾದರಿಯೊಂದರಿಂದ ಶುರುಮಾಡಿದ್ದಳು. ಸಹಿಗೆ ಮುಂಚೆ ಕಕ್ಷಿದಾರಳಿಗೆ ಓದಿ ಹೇಳುತ್ತಿದ್ದಾಗ ಐದನೇ ಷರತ್ತಿನಲ್ಲಿ ಆಕೆ ಕೈ ಎತ್ತಿ ನಿಲ್ಲಿಸಿದಳು. "ವಾದಿಯು ಸದರಿ ಒಂದು ಎಕರೆಯಲ್ಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ" ಎಂದಿತ್ತು.

"ಬಿಟ್ಟುಕೊಟ್ಟಿಲ್ಲ, ತಂಗಿ. ನಾನು ತಮ್ಮನಿಗೆ ಕೊಟ್ಟಿದ್ದೇನೆ. ಹಾಗೆ ಬರಿ."

ಸಹಾಯಕಿ ಪೆನ್ನು ಹಿಡಿದು ಸುಮ್ಮನಾದಳು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ನನಗೆ ಗೊತ್ತಾಯಿತು: "ಕೊಟ್ಟಿದ್ದೇನೆ" ಎಂದರೆ ದಾನದ ವಾಸನೆ, ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು. "ಬಿಟ್ಟಿದ್ದೇನೆ" ಎಂದರೆ ಈ ಹೆಂಗಸಿಗೆ ಅವಮಾನ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಐದು ನಿಮಿಷ ಯೋಚಿಸಿ, ಅಂಚಿನಲ್ಲಿ ಬರೆದು, ಗಟ್ಟಿಯಾಗಿ ಓದಿದಳು:

"2ನೇ ಪ್ರತಿವಾದಿಯು ತಾಯಿಯನ್ನು ಕಡೆಗಾಲದವರೆಗೆ ನೋಡಿಕೊಂಡಿದ್ದನ್ನು ಮನ್ನಿಸಿ, ಸದರಿ ಒಂದು ಎಕರೆಯು ಆತನ ಪಾಲಿಗೆ ಸೇರುವಂತೆ ವಿಭಾಗ ಮಾಡಿಕೊಳ್ಳಲು ವಾದಿಯು ತನ್ನ ಸ್ವಂತ ಇಚ್ಛೆಯಿಂದ ಒಪ್ಪಿರುತ್ತಾಳೆ."

ಕಕ್ಷಿದಾರಳು ಇನ್ನೊಮ್ಮೆ ಓದಿಸಿದಳು. ತಮ್ಮ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ, ಅವನಿಗೂ ಕೇಳಿಸುವಷ್ಟು ಜೋರಾಗಿ ಮೂರನೇ ಬಾರಿ ಓದಲು ಹೇಳಿದಳು. ಆಮೇಲೆ ಹೆಬ್ಬೆಟ್ಟಿಗೆ ಶಾಯಿ ಕೇಳಿದಳು. ನಾನು ತಿದ್ದಿದ್ದು ಒಂದೇ ಪದ, "ಸದರಿ" ಹೊಡೆದು ಹಾಕಿ "ಮಸಾರಿ ಹೊಲಕ್ಕೆ ಹತ್ತಿದ ಎರೆಯ" ಎಂದು ಸೇರಿಸಿದೆ. ಯಾವ ಎಕರೆ ಎಂಬುದು ಅವಳ ಸಾಲಿನಲ್ಲಿ ಬಿಟ್ಟುಹೋಗಿತ್ತು.